ಪರದೇಶದಲ್ಲಿ ವಿದ್ಯಾರ್ಥಿ

ಉನ್ನತ ವ್ಯಾಸಂಗಕ್ಕಾಗಿ ನಮ್ಮ ಊರುಗಳಿಂದಲೂ ಮಕ್ಕಳು ಇಂದು ಪರದೇಶಗಳಿಗೆ ಹೋಗುತ್ತಾರೆ. ಪಾಸ್‌ಪೋರ್ಟು, ವೀಸಾ, ಫೀಸುಗಳ ಚಿಂತೆ ಎಲ್ಲರಿಗೂ ಇರುತ್ತದೆ. ಅಲ್ಲಿನ ಜನಜೀವನಕ್ಕೆ ಹೊಂದಿಕೊಳ್ಳುವುದು ಹೇಗೆಂಬುದನ್ನು ಮಾತ್ರ ನಾವು ಮೊದಲೇ ಯೋಚಿಸುವುದಿಲ್ಲ.

ಹೊಂದಾಣಿಕೆಯೆಂಬುದು ದಿನದಿಂದ ದಿನಕ್ಕೆ ಏರುತ್ತಲೇ ಹೋಗುವಂಥದಲ್ಲ. ಅಮೇರಿಕಕ್ಕೆ ವಿದ್ಯಾರ್ಥಿವೇತನದಲ್ಲಿ ಹೋಗಿಬಂದ ನಾರ್ವೆ ದೇಶದ 200 ಮಂದಿಯನ್ನು ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ವಿಚಾರಿಸಿ, 1955ರಲ್ಲಿ ಲೇಖನ ಬರೆದರು. 6 ತಿಂಗಳೊಳಗೆ ಮರಳಿದವರೂ 18 ತಿಂಗಳು ಮೀರಿ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು; ನಡುವಣ ಅವಧಿಯವರಿಗೇ ಕಷ್ಟ ಹೆಚ್ಚು. ಮೊದಲು ಎಲ್ಲವೂ ಹೊಸತು, ಚೆಂದ. ಹೊಸತನ ಕಳೆದಾಗ ಒಂಟಿತನ. ಸ್ನೇಹ ಬೆಳೆದ ಮೇಲೆ ನೆಮ್ಮದಿ. ಎಲ್ಲರಿಗೂ ಇದೇ ಕ್ರಮವೆಂದಲ್ಲ. ಕೆಲವರಿಗೆ ಮೊದಲ ದಿನಗಳೇ ಕಠಿಣ.

ಗಾಂಧೀಜಿಯವರಿಗೆ ಹಾಗೆಯೇ ಆಯಿತು. 1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದಲು ಲಂಡನ್ನಿಗೆ ಹೋದಾಗ ಅವರಿಗೆ ಹದಿನೆಂಟರ ಪ್ರಾಯ. ರಾತ್ರಿ ತಾಯಿಯ ನೆನಪಾಗಿ ಅಳುತ್ತಿದ್ದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದುದರಿಂದ ಎಷ್ಟೋ ದಿನ ಅರೆಹೊಟ್ಟೆ. ಪರರ ವಸ್ತು ಮುಟ್ಟಬಾರದು, ಪರಿಚಯವಾದೊಡನೆ ಮನೆವಾರ್ತೆ ಕೇಳಬಾರದು, ಗಟ್ಟಿಯಾಗಿ ಮಾತಾಡಬಾರದು ಎಂದು ಅಲ್ಲಿನ ಮರ್ಯಾದೆಗಳನ್ನು ಅವರಿಗೆ ಕಲಿಸಿದವರು ಡಾ. ಪ್ರಾಣಜೀವನ ಮೆಹ್ತಾ. ಪೂರ್ತಿ ಆಂಗ್ಲರಂತೆಯೇ ಆಗಬೇಕೆಂದು ಗಾಂಧೀಜಿ ಒಮ್ಮೆ ಬೆಲೆಬಾಳುವ ಉಡುಪು ಹೊಲಿಸಿ, ನೃತ್ಯ, ಪಿಟೀಲುಗಳನ್ನು ಕಲಿಯಹೊರಟದ್ದೂ ಉಂಟು. ಸುಮಾರು ಮೂರು ತಿಂಗಳಲ್ಲಿ ಆ ಮೋಹ ಬಿಟ್ಟಿತು. ತಾಯಿಗೆ ಕೊಟ್ಟ ಮಾತನ್ನು ಮಾತ್ರ ಬಿಡಲಿಲ್ಲ. ಆ ಮಾತೇ ಅವರನ್ನು ಲಂಡನ್ನಿನ ಸಸ್ಯಾಹಾರಿಗಳ ಬಳಿಗೆ ಕರೆದೊಯ್ದು, ಅವರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕುಳ್ಳಿರಿಸಿತು. ಆಂಗ್ಲ ಮಿತ್ರರನ್ನು ತಂದುಕೊಟ್ಟಿತು.

ಹೊಂದಿಕೊಳ್ಳುವುದೆಂದರೆ ತನ್ನದನ್ನೆಲ್ಲ ಕಳಚಿಡುವುದಲ್ಲ, ಕೋಣೆಯ ಬಾಗಿಲು ಮುಚ್ಚಿ ಕುಳಿತುಕೊಳ್ಳುವುದೂ ಅಲ್ಲ. ಅಲ್ಲಿನ ನಡೆನುಡಿ ಕಲಿಯಬೇಕು. ಬಿಡಲಾರದುದು ಯಾವುದೆಂದು ತಿಳಿದಿರಬೇಕು.

ತಂದೆತಾಯಂದಿರಲ್ಲಿ ಒಂದು ಮಾತು. ಮಗ ಅಥವಾ ಮಗಳು ದೂರವಾಣಿಯಲ್ಲಿ ಅತ್ತರೆ "ಇಷ್ಟಕ್ಕೆಲ್ಲ ಅಳುವುದೇ?" ಎಂದು ಗದರಿಸಬೇಡಿ; "ಕೂಡಲೇ ಬಂದುಬಿಡು" ಎಂದೂ ಅವಸರಿಸಬೇಡಿ. ಊಟ, ನಿದ್ದೆ, ಸ್ನೇಹಿತರ ವಿಷಯ ಕೇಳಿರಿ. ಬೇಸರ ನೀಗದೆ ಊಟ ನಿದ್ದೆಗಳೇ ಕೆಟ್ಟರೆ ಅಲ್ಲಿನ ಅಧ್ಯಾಪಕರನ್ನೋ ವೈದ್ಯರನ್ನೋ ಕಾಣಲು ಹೇಳಿರಿ.

ವಿದ್ಯಾರ್ಥಿಗಳೇ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಆಡುವ ಕಾಸರಗೋಡಿನ ನಮಗೆ ಈ ವಿದ್ಯೆ ತೀರ ಹೊಸತೇನಲ್ಲ. ಇನ್ನೊಂದು ಭಾಷೆ ಕಲಿತೆವೆಂದು ಮನೆಮಾತನ್ನು ನಾವು ಬಿಟ್ಟಿಲ್ಲವಷ್ಟೆ!