ಗವರ್ನರ್ ಬಿಟ್ಟುಹೋದ ಕಾಗದಪತ್ರಗಳು

1703ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಉಯಿಲು ಬರೆದಿಟ್ಟ. ವಯಸ್ಸು ಮೂವತ್ತೈದರ ಆಸುಪಾಸು. ಕೆರಿಬಿಯನ್ ಸಮುದ್ರದ ಲೀವರ್ಡ್ ದ್ವೀಪಗಳಿಗೆ ಇಂಗ್ಲೆಂಡಿನ ಗವರ್ನರ್ ಆಗಿದ್ದವನು ಫ್ರೆಂಚರ ಕೈಲಿದ್ದ ಗ್ವಾಡೆಲೂಪ್ ಮೇಲೆ ದಂಡೆತ್ತಿ ಹೊರಟಿದ್ದ ಹೊತ್ತು ಅದು. ತಿರುಗಿ ಬರುವ ಖಾತರಿ ಇರಲಿಲ್ಲ. ಬಂದನೇನೋ ನಿಜ, ಆದರೆ ಕಾಯಿಲೆ ಬಿದ್ದು, ಸೋತು ಬಂದ. ಮರುವರ್ಷ ಪದವಿಯೂ ಹೋಯಿತು. 1710ರಲ್ಲಿ, ತಾನು ಹುಟ್ಟಿದ ಬಾರ್ಬಡೋಸ್‌ನಲ್ಲೇ ತೀರಿಕೊಂಡ.

ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲ್ಲಿನ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆಗಿದ್ದವನು. ಪುಸ್ತಕದ ಹುಚ್ಚು ವಿಪರೀತ. ಉಯಿಲಿನಲ್ಲಿ ಆ ಕಾಲೇಜಿಗೆ 10,000 ಪೌಂಡ್ ಹಣವನ್ನೂ, 6,000 ಪೌಂಡ್ ಬೆಲೆಯ ತನ್ನ ಪುಸ್ತಕಗಳನ್ನೂ ಬರೆದ. ಆ ಹಣದಲ್ಲಿ ಎದ್ದ ಗ್ರಂಥಾಲಯದ ನಡುವೆ ರೋಮನ್ ಸೇನಾನಿಯ ಉಡುಪಿನಲ್ಲಿ ಅವನ ಪ್ರತಿಮೆ ನಿಂತಿದೆ.

ಅದೇ ಉಯಿಲಿನ ಇನ್ನೊಂದು ಕಲಮು ಬಾರ್ಬಡೋಸ್‌ನ ಎರಡು ಕಬ್ಬಿನ ತೋಟಗಳದ್ದು. ಅವನ್ನು ಆಗಷ್ಟೇ, 1701ರಲ್ಲಿ ಹುಟ್ಟಿದ್ದ ಸುವಾರ್ತಾ ಪ್ರಸಾರ ಸಂಘಕ್ಕೆ, ಅಂದರೆ ಇಂಗ್ಲೆಂಡಿನ ಚರ್ಚಿನ ಮಿಷನರಿ ಸಂಸ್ಥೆಗೆ ಕೊಟ್ಟ. ತೋಟಗಳ ಆದಾಯದಲ್ಲಿ ಕಾಲೇಜೊಂದು ನಡೆಯಬೇಕು. ಅಲ್ಲಿ ವಿದ್ವಾಂಸರು ಸನ್ಯಾಸಿಗಳಂತೆ ವ್ರತ ಹಿಡಿದು ಬಾಳಬೇಕು. ಧರ್ಮಶಾಸ್ತ್ರದ ಜೊತೆಗೆ ವೈದ್ಯ, ಶಸ್ತ್ರವೈದ್ಯಗಳನ್ನೂ ಕಲಿಯಬೇಕು, ಜನರ ದೇಹಕ್ಕೆ ಉಪಕಾರ ಮಾಡಿದರೆ ಆತ್ಮದವರೆಗೆ ಹೋಗುವುದು ಸುಲಭ ಎಂಬುದು ಅವನ ಎಣಿಕೆ. ಇಷ್ಟು ಉದಾತ್ತವಾಗಿ ಬರೆದ ಕೈ ಅದರ ಜೊತೆಗೇ ಷರತ್ತೊಂದನ್ನು ಹಾಕಿತು: ತೋಟಗಳನ್ನು ಒಡೆಯಬಾರದು, ಅಲ್ಲಿ ಯಾವತ್ತೂ ಕನಿಷ್ಠ 300 ಗುಲಾಮರು ಇರಲೇಬೇಕು.

ನನಗೆ ಈ ಉಯಿಲಿನಲ್ಲಿ ಮುಖ್ಯವಾಗಿ ಕಾಣುವುದು ಆ ‘ಇರಲೇಬೇಕು’. ಕಬ್ಬಿನ ತೋಟದಲ್ಲಿ ಜನ ಸಾಯುತ್ತಿದ್ದುದು ಹುಟ್ಟುತ್ತಿದ್ದುದಕ್ಕಿಂತ ಹೆಚ್ಚು. ಕಟಾವು ಶುರುವಾದರೆ ಗಾಣವೂ ಕುದಿಯುವ ಕೊಪ್ಪರಿಗೆಗಳೂ ರಾತ್ರಿ ಕೂಡ ನಿಲ್ಲುವಂತಿಲ್ಲ, ಏಕೆಂದರೆ ಕಡಿದ ಕಬ್ಬು ಒಂದೆರಡು ದಿನ ಕಳೆದರೆ ಹುಳಿಯಾಗುತ್ತದೆ. ಗಾಣಕ್ಕೆ ಕಬ್ಬು ಕೊಡುವವರ ಕೈ ಸಿಕ್ಕಿಕೊಳ್ಳುವುದು ಮಾಮೂಲಿ. ಹಾಗಾಗಿ 300ರ ಲೆಕ್ಕ ಕಾಯಬೇಕೆಂದರೆ ಆಫ್ರಿಕಾದಿಂದ ಬರುವ ಹಡಗುಗಳಲ್ಲಿ ಹೊಸಬರನ್ನು ಕೊಳ್ಳುತ್ತಲೇ ಇರಬೇಕು. ಸಂಘ ಕೊಂಡಿತು. ಕೊಂಡವರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂದು ಬರೆ ಎಳೆಸಿತು. ಕೆಲವು ವರ್ಷಗಳ ಮೇಲೆ ಆ ಪದ್ಧತಿ ನಿಂತಿತು. 1760ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಸೆಕರ್ ಇನ್ನೊಬ್ಬ ಬಿಷಪ್‌ಗೆ ಬರೆದ ಪತ್ರ ಉಳಿದಿದೆ: ನಮ್ಮ ತೋಟಗಳಲ್ಲಿ ಜನ ಕಡಿಮೆಯಾಗುತ್ತಲೇ ಇದ್ದಾರಲ್ಲ, ಇದು ದಯೆಯ ಕೊರತೆಯೂ ಹೌದು, ಜಾಣತನದ ಕೊರತೆಯೂ ಹೌದು ಎಂದು ಮರುಗಿ, ಸದ್ಯಕ್ಕೆ ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳಬೇಕಷ್ಟೆ ಎಂದು ಮುಗಿಸುತ್ತಾನೆ. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಮಾಡಿದಾಗ ಯಜಮಾನರಿಗೆಂದು 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಅದರಲ್ಲಿ 411 ಜನರ ಬಾಬ್ತು ಸಂಘದ ಪಾಲಿಗೆ ಬಂದದ್ದು 8,823 ಪೌಂಡ್, 8 ಷಿಲಿಂಗ್, 9 ಪೆನ್ಸ್. ಬಿಡುಗಡೆಯಾದವರಿಗೆ ಕಾಸೂ ಇಲ್ಲ.

ಇಂಥ ಯಜಮಾನನ ಬರಹದಲ್ಲಿ ಗುಲಾಮರು ಬರೀ ಸಂಖ್ಯೆಯಾಗಿಯೇ ಇದ್ದಾರೆಯೇ? ಹಾಗಲ್ಲದ ಪತ್ರವೂ ಒಂದಿದೆ. 1701ರ ಕ್ರಿಸ್‌ಮಸ್‌ ಸಮಯದಲ್ಲಿ ಆಂಟಿಗುವಾದ ತೋಟಗಾರ ಸ್ಯಾಮ್ಯುಯೆಲ್ ಮಾರ್ಟಿನ್‌ನನ್ನು ಅವನ ಗುಲಾಮರೇ ಕೊಂದರು. ಹಬ್ಬದ ರಜೆ ಕೊಡದೆ ದುಡಿಸಿದ್ದೇ ಕಾರಣ ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ಗವರ್ನರ್ ಕಾಡ್ರಿಂಗ್ಟನ್ ಲಂಡನ್ನಿನ ವ್ಯಾಪಾರ ಮಂಡಳಿಗೆ ವರದಿ ಬರೆದ. ಕೊಂದವರು ಇಂದಿನ ಘಾನಾದ ಕಡೆಯಿಂದ ತಂದ, ಆಗ ‘ಕೊರಮಾಂಟಿ’ ಎಂದು ಕರೆಯುತ್ತಿದ್ದ ಜನ. ಬಯ್ಯುತ್ತಾನೆಂದುಕೊಂಡರೆ ಹೊಗಳುತ್ತಾನೆ: ಅವರು ಹುಟ್ಟು ವೀರರು, ನಂಬಿದವರಿಗೆ ನಿಷ್ಠರು, ಮಾರ್ಟಿನ್ ಅವರಿಗೇನೋ ಅತಿಯಾದ ಕ್ರೌರ್ಯ ಅಥವಾ ಅವಮಾನ ಮಾಡಿರಬೇಕು. ತನ್ನ ತಂದೆಯ ಮಾತನ್ನೂ ಸೇರಿಸುತ್ತಾನೆ: ಕೊರಮಾಂಟಿಯನ್ನು ಸ್ನೇಹಿತನಂತೆ ನೋಡಿಕೊಳ್ಳದವನಿಗೆ ಅವನನ್ನು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ. ಆ ತಂದೆಯೂ ಇವನಿಗಿಂತ ಮೊದಲು ಇದೇ ದ್ವೀಪಗಳ ಗವರ್ನರ್ ಆಗಿದ್ದವನು. ಈ ಪತ್ರ ಓದಿ ಮಗನನ್ನು ಕರುಣಾಳು ಎಂದುಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರೆಂಥವರು ಎಂದು ಚೆನ್ನಾಗಿ ತಿಳಿದ ಮೇಲೆಯೇ, ಹದಿನಾಲ್ಕು ತಿಂಗಳ ಅಂತರದಲ್ಲಿ, 300ರ ಷರತ್ತನ್ನು ಬರೆದವನು ಅವನು.

ದಾನ ಕೊಟ್ಟು ಉಳಿದ ಆಸ್ತಿ, ಅಂದರೆ ಆಂಟಿಗುವಾದ ಬೆಟ್ಟೀಸ್ ಹೋಪ್ ತೋಟ, ಬಾರ್ಬುಡಾ ದ್ವೀಪದ ಗುತ್ತಿಗೆ, ಇಂಗ್ಲೆಂಡಿನ ಡಾಡಿಂಗ್ಟನ್ ಎಸ್ಟೇಟು, ದಾಯಾದಿ ವಿಲಿಯಂ ಕಾಡ್ರಿಂಗ್ಟನ್ ಕೈಗೆ ಹೋಯಿತು. ಆ ಮನೆತನದ ಹೆಚ್ಚಿನವರು ಇಂಗ್ಲೆಂಡಿನಲ್ಲಿ ಕೂತೇ ತೋಟ ಆಳಿದರು, ಆದ್ದರಿಂದಲೇ ಅಷ್ಟೊಂದು ಕಾಗದ ಹುಟ್ಟಿತು. ದೂರದ ಧಣಿಗೆ ಮ್ಯಾನೇಜರು ಎಲ್ಲವನ್ನೂ ಬರೆದು ತಿಳಿಸಬೇಕು: ಎಷ್ಟು ಪೀಪಾಯಿ ಸಕ್ಕರೆ, ಎಷ್ಟು ರಮ್, ಮಳೆ ಬಂತೇ, ಯಾರು ಸತ್ತರು, ಯಾರು ಓಡಿಹೋದರು. ಗುಲಾಮರ ಪಟ್ಟಿಗಳೂ ಹೀಗೇ ಉಳಿದವು.

ಈ ಕಡತಗಳು ಒಂದು ಹಳೆಯ ಕತೆಯನ್ನು ಕೆಡವಿದ್ದೂ ಉಂಟು. ಬಾರ್ಬುಡಾ ಎಂದರೆ ಕಟ್ಟುಮಸ್ತಾದ ಗುಲಾಮರನ್ನು ದನಗಳಂತೆ ತಳಿ ಮಾಡಿ ಬೆಳೆಸುತ್ತಿದ್ದ ದ್ವೀಪ ಎಂಬ ಮಾತು ಬಹಳ ಕಾಲ ಪುಸ್ತಕಗಳಲ್ಲೂ ಓಡಾಡುತ್ತಿತ್ತು. 1977ರಲ್ಲಿ ಡೇವಿಡ್ ಲೋವೆಂತಾಲ್ ಮತ್ತು ಕಾಲಿನ್ ಕ್ಲಾರ್ಕ್ ಮನೆತನದ ಪತ್ರಗಳ ಆಧಾರದ ಮೇಲೆ ಅಂಥ ಏರ್ಪಾಟಿಗೆ ಪುರಾವೆಯೇ ಇಲ್ಲ ಎಂದು ತೋರಿಸಿದರು. ಅಲ್ಲಿ ಕಬ್ಬು ಬೆಳೆಯುತ್ತಿರಲಿಲ್ಲ. ದನ ಕುರಿ ಸಾಕುವುದು, ದವಸ ಬೆಳೆಯುವುದು, ಬಂಡೆಗೆ ಬಡಿದ ಹಡಗುಗಳ ಸಾಮಾನು ಎತ್ತುವುದು ಅಲ್ಲಿನ ಕೆಲಸ. ಗಾಣ ಇಲ್ಲದ ಕಡೆ ಜನ ಬದುಕಿ ಉಳಿದರು, ಮಕ್ಕಳೂ ಉಳಿದವು. ಜನಸಂಖ್ಯೆ ಏರಿದ್ದರ ಗುಟ್ಟು ಇಷ್ಟೆ.

ಆಲ್ ಸೋಲ್ಸ್ ಕಾಲೇಜು 2020ರಲ್ಲಿ ಗ್ರಂಥಾಲಯಕ್ಕಿದ್ದ ಕಾಡ್ರಿಂಗ್ಟನ್ ಹೆಸರನ್ನು ಕೈಬಿಟ್ಟಿತು, ಪ್ರತಿಮೆಯನ್ನು ಉಳಿಸಿಕೊಂಡಿತು. ಅಂದಿನ ಮಿಷನರಿ ಸಂಘದ ಇಂದಿನ ರೂಪವಾದ ಸಂಸ್ಥೆ 2023ರಲ್ಲಿ ಬಾರ್ಬಡೋಸ್‌ನ ಆ ತೋಟಗಳ ಸುತ್ತಲಿನ ಜನರಿಗಾಗಿ 70 ಲಕ್ಷ ಪೌಂಡ್ ಖರ್ಚು ಮಾಡುವುದಾಗಿ ಪ್ರಕಟಿಸಿತು. ಮನೆತನದ ವೆಸ್ಟ್ ಇಂಡೀಸ್ ಕಾಗದಪತ್ರಗಳು 1980ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದವು. ಸಾಮಾನ್ಯವಾಗಿ ಇಂಥವು ಇಂಗ್ಲೆಂಡಿನಲ್ಲೇ ಉಳಿದು, ವಸಾಹತಿನ ಜನ ತಮ್ಮ ಹಿರಿಯರ ಹೆಸರು ಹುಡುಕಿಕೊಂಡು ಅಲ್ಲಿಗೆ ಹೋಗಬೇಕಾಗುತ್ತದೆ. ಇಲ್ಲಿ ಮಾತ್ರ ಮೂಲ ಪ್ರತಿಗಳು ಆಂಟಿಗುವಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ; ಧಣಿಗಳ ಊರಾದ ಗ್ಲಾಸ್ಟರ್‌ಷೈರ್‌ನ ಪತ್ರಾಗಾರದಲ್ಲಿರುವುದು ಮೈಕ್ರೋಫಿಲ್ಮ್.