ವಿಚ್ಛೇದನದ ನಡುವೆ ಪೌರತ್ವದ ಅರ್ಜಿ

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳ ವಿಚ್ಛೇದನದ ಕೇಸು ನಡೆಯುತ್ತಿದೆ. ಗಂಡ ಅಲ್ಲಿನ ಪ್ರಜೆ. ಅವಳು ಈಗ ಪೌರತ್ವಕ್ಕೆ ಅರ್ಜಿ ಹಾಕಬಹುದೇ?

ಉತ್ತರ: ಗ್ರೀನ್ ಕಾರ್ಡ್ ಸಿಕ್ಕಿ ಎಷ್ಟು ವರ್ಷವಾಯಿತು ಎಂಬುದನ್ನು ಮೊದಲು ನೋಡಿ. 5 ವರ್ಷ ತುಂಬಿದ್ದರೆ ವಿಚ್ಛೇದನ ಅಡ್ಡಿಯಲ್ಲ. ಪೌರತ್ವದ ಎನ್-400 ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆಯನ್ನು ಮದುವೆಯಾದವರಿಗೆ 3 ವರ್ಷಕ್ಕೇ ಸಿಗುವ ರಿಯಾಯಿತಿಯಲ್ಲೇ ತೊಡಕು. ಅದಕ್ಕೆ ಅರ್ಜಿಯ ಹಿಂದಿನ 3 ವರ್ಷ ಗಂಡ ಹೆಂಡತಿ ಒಟ್ಟಿಗೆ ಸಂಸಾರ ಮಾಡಿರಬೇಕು. ಪೌರತ್ವದ ಪ್ರಮಾಣವಚನಕ್ಕೆ ಮುಂಚೆ ವಿಚ್ಛೇದನದ ಡಿಕ್ರಿ ಬಂದರೂ ಆ ರಿಯಾಯಿತಿ ತಪ್ಪುತ್ತದೆ. ಬೇರೆ ಮನೆ ಮಾಡಿಕೊಂಡು, ಕಾಗದದ ಮೇಲಷ್ಟೇ ದಂಪತಿಯಾಗಿದ್ದು ಅರ್ಜಿ ಹಾಕುವುದು ಅಪಾಯ. ಸಂದರ್ಶನದಲ್ಲಿ ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ತೆರಿಗೆ ಪತ್ರ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಿದರೆ ವಿಚ್ಛೇದನಕ್ಕಿಂತ ದೊಡ್ಡ ತಲೆನೋವು. ನನ್ನನ್ನು ಕೇಳಿದರೆ, 5 ವರ್ಷ ಕಾಯುವುದೇ ಕ್ಷೇಮ.

ನಮ್ಮವರು ಮರೆಯುವ ಸಂಗತಿ ಇನ್ನೊಂದಿದೆ. ಕೇಸು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿದ್ದರೆ, ವಾಯಿದೆ ಮೇಲೆ ವಾಯಿದೆ ಬಿದ್ದು ಇಲ್ಲೇ ಉಳಿದುಬಿಡುತ್ತಾರೆ. ಒಂದೇ ಸಲಕ್ಕೆ 6 ತಿಂಗಳಿಗಿಂತ ಹೆಚ್ಚು ಅಮೆರಿಕದ ಹೊರಗಿದ್ದರೆ, ಪೌರತ್ವಕ್ಕೆ ಬೇಕಾದ ನಿರಂತರ ವಾಸಕ್ಕೆ ಧಕ್ಕೆ ಬರಬಹುದು. 5 ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಅಮೆರಿಕದ ನೆಲದಲ್ಲೇ ಇದ್ದಿರಬೇಕು.

ಕೈಯಲ್ಲಿರುವುದು 2 ವರ್ಷದ ಷರತ್ತಿನ ಕಾರ್ಡೇ? ಹಾಗಾದರೆ ಮೊದಲು ಆ ಷರತ್ತು ತೆಗೆಸುವ ಐ-751 ಅರ್ಜಿ. ಸಾಮಾನ್ಯವಾಗಿ ಗಂಡನ ಸಹಿ ಬೇಕು. ಡಿಕ್ರಿ ಆಗಿದ್ದರೆ, ಮದುವೆ ಪ್ರಾಮಾಣಿಕವಾಗಿತ್ತೆಂದು ಪುರಾವೆ ಕೊಟ್ಟು ಒಬ್ಬಳೇ ಸಲ್ಲಿಸಬಹುದು. ಇದಕ್ಕೆ ಮಾತ್ರ ವಲಸೆ ವಕೀಲರನ್ನೇ ಹಿಡಿಯಲಿ.