ಕ್ಲಾಸೆಟ್‌ನೊಳಗಿನ ಭಾವಗೀತೆ

ರಾಕ್‌ವಿಲ್‌ನಲ್ಲಿ ಮನೆಯಲ್ಲೇ ಹಾಡು ಮುದ್ರಿಸಲು ಹೊರಟವರು ಮೊದಲು ಇಳಿಯುವುದು ಬೇಸ್‌ಮೆಂಟಿಗೆ. ವಿಶಾಲವಾದ ಜಾಗ, ಕೆಳಗೆ ಕಾರ್ಪೆಟ್, ಮಕ್ಕಳ ಗಲಾಟೆ ಇರುವುದಿಲ್ಲ ಎಂಬ ನಂಬಿಕೆ. ಹಾಡಲು ನಿಂತ ಮೇಲೆ ಗೊತ್ತಾಗುತ್ತದೆ, ಫರ್ನೇಸ್ ಇರುವುದೂ ಅಲ್ಲೇ, ಮೇರಿಲ್ಯಾಂಡಿನ ಬೇಸಿಗೆಯ ತೇವಕ್ಕೆ ಹಗಲಿರುಳು ಗುರುಗುಡುವ ಡಿಹ್ಯುಮಿಡಿಫೈಯರ್ ಇರುವುದೂ ಅಲ್ಲೇ. ಮಳೆ ಬಂದರೆ ಸಂಪ್ ಪಂಪು ಬೇರೆ ತಾಳ ಹಾಕುತ್ತದೆ. ನಾನಾದರೆ ಮಹಡಿ ಹತ್ತಿ ಬಟ್ಟೆಯ ಕ್ಲಾಸೆಟ್ ಬಾಗಿಲು ತೆಗೆಯುತ್ತೇನೆ. ಚಳಿಗಾಲದ ಕೋಟು, ರಜಾಯಿ, ಊರಿನಿಂದ ಹೊತ್ತು ತಂದ ಸೀರೆಗಳು ತುಂಬಿದ ಕ್ಲಾಸೆಟ್‌ನಷ್ಟು ಅಗ್ಗದ ಸ್ಟುಡಿಯೋ ಬೇರೆ ಇಲ್ಲ.

ಕಾರಣ ಇಷ್ಟೆ. ಬರಿಗೋಡೆಗೆ ತಾಗಿದ ದನಿ ಹಿಂದಿರುಗಿ ಮೈಕಿಗೇ ಬರುತ್ತದೆ. ಹಾಡಿಗೆ ಅನುರಣನವನ್ನು ಆಮೇಲೆ ಎಷ್ಟು ಬೇಕಾದರೂ ಸೇರಿಸಬಹುದು. ಮುದ್ರಣದಲ್ಲೇ ಕೂತದ್ದನ್ನು ತೆಗೆಯುವುದು ಅನ್ನದಿಂದ ಉಪ್ಪು ತೆಗೆದ ಹಾಗೆ. ಆದರೆ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಹಾಡಿಗೆ ಬಳಸುವ ಸಾಮಾನ್ಯ ಮೈಕು ಎದುರಿನದನ್ನು ಕೇಳುತ್ತದೆ, ತನ್ನ ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಎದುರಿಗೆ ಇರುವುದು ನೀವು, ನಿಮ್ಮ ಹಿಂದಿನ ಗೋಡೆ. ಹಾಗಾಗಿ ಕೋಟುಗಳು ನಿಮ್ಮ ಬೆನ್ನಿಗಿರಬೇಕು. ಕ್ಲಾಸೆಟ್ ಬಾಗಿಲಲ್ಲಿ ಕೋಣೆಯ ಕಡೆ ಮುಖ ಮಾಡಿ ನಿಂತು, ಮೈಕನ್ನು ನಿಮ್ಮ ಕಡೆ ತಿರುಗಿಸಿಡಿ. ಬಟ್ಟೆ ಹೀರುವುದು ಮೇಲಿನ ಸ್ಥಾಯಿಯ ಸದ್ದನ್ನು ಮಾತ್ರ, ತಳದ ಗುಮ್ಮೆನ್ನುವ ಸದ್ದು ಉಳಿಯುತ್ತದೆ. ಅದಕ್ಕೆ ಮಿಕ್ಸಿಂಗ್‌ನಲ್ಲಿ ಉಪಾಯ ಉಂಟು.

ಮೈಕು ಯಾವುದು? ಕಂಡೆನ್ಸರ್ ಮೈಕಿನ ಕಿವಿ ಸೂಕ್ಷ್ಮ, 48 ವೋಲ್ಟ್ ವಿದ್ಯುತ್ ಬೇಕು, ಪಕ್ಕದ ಕೋಣೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಡೈನಾಮಿಕ್ ಮೈಕಿಗೆ, ಅಂದರೆ 1966ರಿಂದ ವೇದಿಕೆಗಳ ಮೇಲೆ ಕಾಣುತ್ತಿರುವ ಶ್ಯೂರ್ ಎಸ್‌ಎಂ58 ಥರದ್ದಕ್ಕೆ, ಆ ವಿದ್ಯುತ್ ಬೇಡ, ಅದು ದೂರದ ಸದ್ದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಧಾರಣ ಕೋಣೆಯಲ್ಲಿ ದುಬಾರಿ ಕಂಡೆನ್ಸರ್‌ಗಿಂತ ಇದೇ ವಾಸಿ. ಡೈನಾಮಿಕ್ ಆದರೆ ನಾಲ್ಕು ಬೆರಳು ದೂರ, ಕಂಡೆನ್ಸರ್ ಆದರೆ ಒಂದು ಗೇಣು. ದೂರ ಎರಡರಷ್ಟಾದರೆ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಪ, ಬ, ಭ ಬಂದಾಗ ಉಸಿರು ಢಬ್ಬೆಂದು ಬಡಿಯದಂತೆ ಮೈಕನ್ನು ಬಾಯಿಯ ನೇರಕ್ಕಲ್ಲ, ಸ್ವಲ್ಪ ಓರೆಗೆ ಇಡಿ.

ಈ ದೂರದ ಲೆಕ್ಕವೇ ಒಂದು ಕಾಲಕ್ಕೆ ಪೂರ್ತಿ ಮಿಕ್ಸಿಂಗ್ ಆಗಿತ್ತು. ಇಲ್ಲಿಂದ ರೆಡ್ ಲೈನ್ ಹತ್ತಿದರೆ ಸಿಗುವ ವಾಷಿಂಗ್ಟನ್ ನಗರದಲ್ಲೇ ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮೊಫೋನಿಗೆ ಪೇಟೆಂಟ್ ಪಡೆದದ್ದು. ಅವರ ಬಳಿ ಪಳಗಿದ ಇದೇ ಊರಿನ ಹುಡುಗ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಹೋಗಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಮೈಕೂ ಇಲ್ಲ, ವಿದ್ಯುತ್ತೂ ಇಲ್ಲ, ಒಂದು ತುತ್ತೂರಿ ಮಾತ್ರ. ದನಿ ಜೋರಾಗಬೇಕೆಂದರೆ ತುತ್ತೂರಿಯ ಹತ್ತಿರ ಬರಬೇಕು, ವಾದ್ಯ ಮೆಲ್ಲಗಾಗಬೇಕೆಂದರೆ ದೂರ ಸರಿಯಬೇಕು. ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಮುದ್ರಣದ ಮಟ್ಟವನ್ನು ಪಲ್ಲವಿ ಹಾಡಿ ನೋಡಿ ಗೊತ್ತುಮಾಡಬೇಡಿ. ಚರಣದಲ್ಲಿ ತಾರಸ್ಥಾಯಿ ಮುಟ್ಟುವ ಸಾಲನ್ನು ಪೂರ್ಣ ದನಿಯಲ್ಲಿ ಹಾಡಿ, ಅದು ಮೈನಸ್ 10 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಗೇನ್ ಇಳಿಸಿ. ಡಿಜಿಟಲ್‌ನಲ್ಲಿ ಸೊನ್ನೆಯೆಂದರೆ ಗೋಡೆ, ದಾಟಿದ ದನಿ ಚಿಂದಿಯಾಗುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿದರೆ ಮೆಲುದನಿಗೂ ಬೇಕಾದಷ್ಟು ಜಾಗ ಇರುತ್ತದೆ. ಇನ್ನು, ಹೆಡ್‌ಫೋನಿನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳುತ್ತಿದ್ದರೆ ತಾಳ ಜಾರುತ್ತದೆ. ಕಂಪ್ಯೂಟರನ್ನು ಸುತ್ತಿಬರುವ ದಾರಿ ಬಿಟ್ಟು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯಿಂದ ನೇರವಾಗಿ ಕೇಳುವ ಗುಂಡಿ ಒತ್ತಿ.

ವಿದ್ಯುತ್ತಿನ ಗುಂಯ್ ಸದ್ದೂ ದೇಶದಿಂದ ದೇಶಕ್ಕೆ ಬೇರೆ. ಇಂಡಿಯಾದಲ್ಲಿ 50 ಹರ್ಟ್ಸ್, ಅದರ ದುಪ್ಪಟ್ಟು 100. ಐದು ಮನೆ ಶ್ರುತಿಯ ಮಂದ್ರ ಷಡ್ಜ 98, ಹಾಗಾಗಿ ಆ ಗುಂಯ್ ತಂಬೂರಿಯ ಮರೆಯಲ್ಲಿ ಅರ್ಧ ಅಡಗಿಕೊಳ್ಳುತ್ತದೆ. ಅಮೆರಿಕದಲ್ಲಿ 60 ಮತ್ತು 120. ಅದೇ ಶ್ರುತಿಯಲ್ಲಿ ಹಾಡುವವರಿಗೆ ಇಲ್ಲಿ ಅದು ಅಪಸ್ವರವಾಗಿ ಎದ್ದು ಕೇಳುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಈಗ ಮಿಕ್ಸಿಂಗ್. ರಾಜ್ಯೋತ್ಸವಕ್ಕೋ ಯುಗಾದಿಗೋ ಹಾಡುವ ನಮ್ಮವರ ಕೈಯಲ್ಲಿ ಇರುವುದು ಸಾಮಾನ್ಯವಾಗಿ ಒಂದು ಕರೋಕೆ ಟ್ರ್ಯಾಕು, ಒಂದು ದನಿ. ಟ್ರ್ಯಾಕು ಆಗಲೇ ಗಟ್ಟಿಯಾಗಿ ಮುಗಿಸಿಟ್ಟದ್ದು. ಅದರ ಜೊತೆ ಪೈಪೋಟಿಗೆ ದನಿಯನ್ನು ಏರಿಸುತ್ತಾ ಹೋದರೆ ಎರಡೂ ಕಿರುಚುತ್ತವೆ. ಟ್ರ್ಯಾಕನ್ನೇ ಇಳಿಸಿ. 2ರಿಂದ 4 ಸಾವಿರ ಹರ್ಟ್ಸ್ ನಡುವೆ ವ್ಯಂಜನಗಳ ಅಂಚು ಇರುತ್ತದೆ. ಟ್ರ್ಯಾಕಿನಲ್ಲಿ ಆ ಜಾಗವನ್ನು 2–3 ಡೆಸಿಬೆಲ್ ತಗ್ಗಿಸಿದರೆ ಮಾತಿಗೆ ಕೂರಲು ಮಣೆ ಹಾಕಿದಂತೆ. ದನಿಯಲ್ಲಿ 80–100 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿ, ಫರ್ನೇಸಿನ ಗುಡುಗಿನ ಬಹುಪಾಲು, ಬಟ್ಟೆ ಹೀರದೆ ಬಿಟ್ಟ ಗುಮ್ ಸದ್ದಿನಲ್ಲೂ ಒಂದಿಷ್ಟು ಹೋಗುತ್ತದೆ. ಸ, ಶ, ಷ ಚುಚ್ಚುವುದು 5ರಿಂದ 8 ಸಾವಿರದ ನಡುವೆ. ಅಲ್ಲಿ ಆ ಚುಚ್ಚನ್ನು ತಗ್ಗಿಸುವ ಡಿ-ಎಸ್ಸರ್ ತುಸು ಸಾಕು, ಹೆಚ್ಚಾದರೆ ಹಾಡುವವರಿಗೆ ತೊದಲು ಬಂದಂತಿರುತ್ತದೆ.

ಕಂಪ್ರೆಸರ್ ಎಂದರೆ ಜೋರು ದನಿಯನ್ನು ತಾನೇ ಅದುಮುವ ಯಂತ್ರ. ಅದು ತೀರ ಬೇಗ ಅದುಮಿದರೆ ಅಕ್ಷರದ ಮೊನೆಯೇ ಮೊಂಡಾಗುತ್ತದೆ, 'ಕತ್ತಲೆ'ಯ ಒತ್ತು ಕರಗುತ್ತದೆ. 15–20 ಮಿಲಿಸೆಕೆಂಡ್ ತಡೆದು ಕೆಲಸ ಶುರುಮಾಡುವಂತಿಟ್ಟರೆ ಒತ್ತಕ್ಷರ ಬದುಕುತ್ತದೆ. ಅನುರಣನವೂ 30 ಮಿಲಿಸೆಕೆಂಡ್‌ನಷ್ಟು ತಡವಾಗಿ ಬರಲಿ, ಪದ ಮುಂದೆ, ಅದರ ನೆರಳು ಹಿಂದೆ.

ಇಂಗ್ಲಿಷಿನ ಪಾಠಗಳು ಹೇಳದ ಒಂದು ಕೆಲಸ ಇಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಸಾಲಿನ ಕೊನೆಗೆ. ಉಸಿರು ಮುಗಿಯುವುದೂ ಅಲ್ಲೇ. ಬಂದನೋ ಬಾರನೋ ಎಂಬ ತೀರ್ಮಾನವೆಲ್ಲ ಆ ಕೊನೆಯ ಪದದಲ್ಲಿದ್ದರೆ, ದನಿ ಇಳಿಯುವುದೂ ಅಲ್ಲೇ. ಯಂತ್ರಕ್ಕೆ ಇದು ತಿಳಿಯದು. ಸಾಲುಸಾಲಿಗೂ ಕೂತು ಕೊನೆಯ ಪದವನ್ನು ಕೈಯಾರೆ ಒಂದೆರಡು ಡೆಸಿಬೆಲ್ ಎತ್ತಬೇಕು. ಬೇಜಾರಿನ ಕೆಲಸ, ಒಂದು ಹಾಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಭಾವಗೀತೆಗೆ ನಾನು ಮಾಡಿಕೊಂಡ ಎಲ್ಲ ಸಾಹಸಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ.

ಮುಗಿದ ಹಾಡನ್ನು ಕಾರಿನಲ್ಲಿ ಹಾಕಿಕೊಂಡು ರಾಕ್‌ವಿಲ್ ಪೈಕ್ ಮೇಲೆ ಒಂದು ಸುತ್ತು ಹೋಗಿಬನ್ನಿ, ಸಿಗ್ನಲ್‌ಗಳಿಗೇನೂ ಬರವಿಲ್ಲ. ತಳದ ಸದ್ದು ಹೆಚ್ಚಿದ್ದರೆ ಕಾರು ಹೇಳುತ್ತದೆ. ಆಮೇಲೆ ಊರಿಗೆ ವಾಟ್ಸಾಪ್ ಮಾಡಿ, ಹಾಡು ಮೊದಲು ಕೇಳಿರದ ಯಾರಿಗಾದರೂ. ಅಲ್ಲಿ ಬೆಳಗಾದ ಮೇಲೆ ಕಾಫಿ ಕುಡಿಯುತ್ತಾ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ, “ಚೆನ್ನಾಗಿದೆ ಕಣಮ್ಮ, ಎರಡನೇ ಚರಣದ ಕೊನೇಲಿ ಏನಂದೆ?” ಎಂದು ಕೇಳಿದರೆ, ಫೈಲು ಇನ್ನೂ ಮುಚ್ಚಬೇಡಿ.